ಅಂಥ ಪಾಲು ಇಲ್ಲ

ಫೋನು ಬಂದಾಗ ಅವನು ಬಾಲ್ಕನಿಯಲ್ಲಿ ಒದ್ದೆ ಅಂಗಿಗಳನ್ನು ಕೊಡವಿ ತಂತಿಗೆ ಹಾಕುತ್ತಿದ್ದ. ಯಾರದೆಂದು ನೋಡದೆ ಕಿವಿಗಿಟ್ಟುಕೊಂಡ. "ಕಂಪ್ಯೂಟರ್ ಏಳ್ತಾ ಇಲ್ಲ. ಕಪ್ಪು ತೆರೆ ಮೇಲೆ ಒಂದು ಸಾಲು ಬಂದು ಹಾಗೇ ನಿಂತ್ಬಿಡುತ್ತೆ. ಅದು ನೀವು ಹಾಕಿದ್ದೇ ಇರ್ಬೇಕು ಅಂತ ಇವರು ಹೇಳ್ತಿದಾರೆ," ಎಂದಿತು ಆ ಕಡೆಯ ದನಿ. ವಿಚ್ಛೇದನವಾಗಿ ವರ್ಷಗಳಾದರೂ ಆ ದನಿ ತನ್ನ ಹೆಸರು ಹೇಳಿಕೊಳ್ಳಬೇಕಾದ ಅಗತ್ಯವಿರಲಿಲ್ಲ. ಆದರೆ 'ಇವರು' ಎಂದರೆ ಯಾರೆಂದು ತಿಳಿಯಲು ಅವನಿಗೆ ಒಂದು ಅಂಗಿ ಹಿಂಡುವಷ್ಟು ಹೊತ್ತು ಬೇಕಾಯಿತು. ಒಂದು ಕ್ಷಣ ತಾನೇ ಆ 'ಇವರು' ಇರಬಹುದು, ತಾನೇ ಏನೋ ಹೇಳಿರಬಹುದು ಎಂದುಕೊಂಡುಬಿಟ್ಟಿದ್ದ. ಅವನು ಗಂಡನಾಗಿದ್ದಾಗ ಅವಳು ಅವನನ್ನು 'ನೀನು' ಎನ್ನುತ್ತಿದ್ದಳು. 'ನೀವು' ಶುರುವಾದದ್ದು ವಕೀಲರ ಕೋಣೆಯಲ್ಲಿ. ಆ ವಿಚ್ಛೇದನದಲ್ಲಿ ತನಗೆ ದಕ್ಕಿದ್ದು ಈ ಬಹುವಚನವೊಂದೇ ಎಂದು ಅವನು ಸಹೋದ್ಯೋಗಿಗಳ ಮುಂದೆ ಹೇಳಿ ನಗಿಸಿದ್ದ. ಮನೆಗೆ ಬಂದ ಮೇಲೆ ಅದು ಅಷ್ಟೇನೂ ನಗು ಬರಿಸುವ ಮಾತಾಗಿ ಕಂಡಿರಲಿಲ್ಲ.

"ಇವತ್ತು ಸ್ವಲ್ಪ ಕೆಲಸ ಇದೆ, ನೋಡ್ತೀನಿ," ಎಂದ. ಕೆಲಸವೆಂದರೆ ಇನ್ನೂ ಎರಡು ಅಂಗಿ. "ಸೋಮವಾರ ಹಾಡೋರ ತಂಡದ ಸ್ವೆಟರು ಕೊಡ್ಬೇಕು. ಡಿಸೈನು ಎಲ್ಲಾ ಅದರೊಳಗೇ ಇದೆ," ಎಂದಳು ಅವಳು. ಬೇಡುವ ದನಿಯಲ್ಲ, ಆಗಬೇಕಾದ್ದನ್ನು ಹೇಳುವ ದನಿ. ಅವನು ಆ ಎರಡು ಅಂಗಿಗಳನ್ನು ಬಕೆಟ್ಟಿನಲ್ಲೇ ಬಿಟ್ಟು ಗಡ್ಡ ಬೋಳಿಸಿಕೊಳ್ಳಲು ಹೋದ. ಕನ್ನಡಿಯ ಮುಂದೆ ಒಂದು ಕೆನ್ನೆ ಮುಗಿಸಿದ ಮೇಲೆ, ಕಂಪ್ಯೂಟರ್ ರಿಪೇರಿಗೆ ಹೋಗುವವನು ಗಡ್ಡ ಬೋಳಿಸಿಕೊಳ್ಳುವುದು ಯಾಕೆ ಎಂಬ ಪ್ರಶ್ನೆ ಎದ್ದಿತು. ಆದರೆ ಅರ್ಧಕ್ಕೆ ಬಿಡುವ ಹಾಗಿರಲಿಲ್ಲವಾದ್ದರಿಂದ ಇನ್ನೊಂದು ಕೆನ್ನೆಯನ್ನೂ ಮುಗಿಸಿದ.

ಅವನು ಕಂಪ್ಯೂಟರಿನವನೇ ಅಲ್ಲ. ಅವನದು ತೂಕಮಾಪನ ಇಲಾಖೆ. ಅಂಗಡಿಗಳಿಗೆ ಹೋಗಿ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಕೆಲಸ. ಒಮ್ಮೆ ಮೇಲಧಿಕಾರಿಯ ಪ್ರಿಂಟರಿನ ತಂತಿ ಗೋಡೆಯಿಂದ ಕಳಚಿ ಬಿದ್ದದ್ದನ್ನು ನೋಡಿ ಸಿಕ್ಕಿಸಿದ್ದ. ಅಂದಿನಿಂದ ಇಲಾಖೆಯಲ್ಲಿ ಅವನು ತಜ್ಞ. ಹೊರಗೆ ಸಿಕ್ಕ ಈ ಪದವಿಯನ್ನು ಮನೆಗೂ ತಂದ. ಅವಳು ಹೆಣಿಗೆ ಯಂತ್ರ ಕೊಂಡಾಗ ಅದರ ಜೊತೆಗೊಂದು ಹಳೆಯ ಕಂಪ್ಯೂಟರ್ ಬಂದಿತ್ತು. ಯಂತ್ರಕ್ಕೆ ಡಿಸೈನು ಕಳಿಸುವ ಪ್ರೋಗ್ರಾಮು ಆ ಕಾಲದ ಸಿಸ್ಟಮ್ಮಿನಲ್ಲಿ ಮಾತ್ರ ಓಡುತ್ತದೆ, ಹೊಸದರಲ್ಲಿ ಓಡುವುದಿಲ್ಲ. ಅವನೋ, ಆ ಹಳೆಯದರ ಪಕ್ಕದಲ್ಲೇ, ಅದೇ ಡಿಸ್ಕಿನಲ್ಲಿ, ತನಗಾಗಿ ಇನ್ನೊಂದು ಸಿಸ್ಟಮ್ ಹಾಕಿಕೊಂಡ. ಬಲ್ಲವರು ಬಳಸುವಂಥದು, ಕಪ್ಪು ತೆರೆಯ ಮೇಲೆ ಆಜ್ಞೆಗಳನ್ನು ಟೈಪಿಸಿ ನಡೆಸುವಂಥದು. ಡಿಸ್ಕನ್ನು ಎರಡು ಪಾಲು ಮಾಡಿದಾಗ ದೊಡ್ಡ ಪಾಲು ಯಾರಿಗೆ ಬಂತೆಂದು ಯಾರೂ ಕೇಳಲಿಲ್ಲ. ಪಾಲು ಮಾಡಿದವನು ಅವನೇ. ಇಲಾಖೆಯ ತಕ್ಕಡಿಗಳ ದೋಷವನ್ನೆಲ್ಲ ಲೆಕ್ಕ ಹಾಕಿ, ಯಾವ ಅಂಗಡಿ ಯಾವಾಗ ತಪ್ಪು ತೂಗುತ್ತದೆಂದು ಮೊದಲೇ ಹೇಳುವ ದೊಡ್ಡದೊಂದು ಪ್ರೋಗ್ರಾಮು ಬರೆಯುತ್ತಿದ್ದೇನೆ, ಅದಕ್ಕೆ ಜಾಗ ಬೇಕು ಎಂದಿದ್ದ. ಬಸ್ಸಿನಲ್ಲಿ ಮಡಿಲ ಮೇಲಿನ ಚೀಲವನ್ನು ಹಿಡಿದುಕೊಂಡು, ಈಗ ತನ್ನನ್ನು ಕರೆಯದೆ ಅವರಿಗೆ ಬೇರೆ ದಾರಿಯೇ ಇರಲಿಲ್ಲ ಎಂದು ಅವನು ಖುಷಿಪಟ್ಟ. ಕಂಡಕ್ಟರು ಟಿಕೆಟ್ಟು ಕೇಳಿದಾಗ ಅವನಿಗೂ ಆ ಖುಷಿಯಲ್ಲೇ ಮುಗುಳ್ನಕ್ಕ. ಕಂಡಕ್ಟರು ನಗಲಿಲ್ಲ.

ಬಾಗಿಲು ತೆಗೆದವರು ಅವಳ ಈಗಿನ ಗಂಡ, ಈಜು ಮೇಷ್ಟ್ರು. ಪಟ್ಟಣದ ಕೊಳದಲ್ಲಿ ಮಕ್ಕಳಿಗೂ ನಿವೃತ್ತರಿಗೂ ಈಜು ಕಲಿಸುವವರು. ಮೈಯಿಂದ ಸದಾ ಕೊಳದ ನೀರಿನ ಔಷಧಿಯ ವಾಸನೆ. ಅವರ ಹೆಗಲು ಬಾಗಿಲಿನ ಚೌಕಟ್ಟನ್ನು ಹೆಚ್ಚೂಕಡಿಮೆ ತುಂಬಿಬಿಟ್ಟಿತ್ತು. "ಬನ್ನಿ ಬನ್ನಿ, ನಿಮಗೆ ತೊಂದರೆ ಕೊಟ್ವಿ," ಎಂದರು, ನಿಜವಾಗಿಯೂ ತೊಂದರೆ ಕೊಟ್ಟವರ ಮುಖದಲ್ಲಿ. ಇವರನ್ನು ಏನೆಂದು ಕರೆಯಬೇಕೆಂಬುದು ಅವನಿಗೆ ಇನ್ನೂ ಬಗೆಹರಿದಿರಲಿಲ್ಲ. ಹೆಂಡತಿಯ ತಂಗಿಯ ಗಂಡನಾದರೆ ಷಡ್ಡಕ. ಗಂಡನ ಇನ್ನೊಬ್ಬ ಹೆಂಡತಿಯಾದರೆ ಸವತಿ. ಸವತಿಗೆ ಪುಲ್ಲಿಂಗವಿಲ್ಲ. ಇಷ್ಟು ಸಂಬಂಧವಾಚಕಗಳನ್ನು ಕೂಡಿಹಾಕಿಕೊಂಡ ಭಾಷೆ ಈ ಬಾಗಿಲಿನ ಎದುರಿಗೆ ಮಾತ್ರ ಕೈ ಚೆಲ್ಲಿ ನಿಂತಿತ್ತು. ಹಾಗಾಗಿ ಅವನು "ಹೇಗಿದೀರಿ ಸಾರ್?" ಎಂದ. ತನಗಿಂತ ಚಿಕ್ಕವರಿಗೆ.

ಒಳಗೆ ಅತ್ತೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಉಣ್ಣೆಯ ಉಂಡೆ ಸುತ್ತುತ್ತಿದ್ದರು. ಅವನು ಅಳಿಯನಾಗಿದ್ದಾಗ 'ನೀವು' ಎನ್ನುತ್ತಿದ್ದವರು, ಈಗ 'ನೀನು'. ಮಗಳು ಬಡ್ತಿ ಕೊಟ್ಟರೆ ತಾಯಿ ಹಿಂಬಡ್ತಿ ಕೊಟ್ಟು ಲೆಕ್ಕ ಸರಿಮಾಡಿದ್ದರು. "ಬಂದ್ಯಾ? ತೂಕ ಇಳಿದಿದೀಯ. ನೀನೇ ಅಡುಗೆ ಮಾಡ್ಕೊಳ್ಳೋದಾ?" ಎಂದರು. "ಹೂಂ ಅತ್ತೆ," ಎಂದ. ಆ ಪದ ಅವನ ಬಾಯಿಂದ ತಾನಾಗಿ ಬಂದಿತ್ತು. ಬದಲಿಗೆ ಬೇರೆ ಏನನ್ನಬೇಕೆಂದು ಯಾವ ನ್ಯಾಯಾಲಯವೂ ಹೇಳಿರಲಿಲ್ಲ.

ಹೆಣಿಗೆಯ ಕೋಣೆಯಲ್ಲಿ ಅವಳು ಯಂತ್ರದ ಮುಂದೆ ಕೈ ಕಟ್ಟಿ ನಿಂತಿದ್ದಳು. ಉದ್ದನೆಯ ಯಂತ್ರ, ಸಾಲುಸಾಲು ಸೂಜಿ, ಅರ್ಧಕ್ಕೆ ನಿಂತ ಒಂದು ತೋಳು ಕಡುನೀಲಿ ಬಣ್ಣದಲ್ಲಿ ಜೋತುಬಿದ್ದಿತ್ತು. ಪಕ್ಕದ ಮೇಜಿನ ಮೇಲೆ ಅದೇ ಹಳದಿಗಟ್ಟಿದ ಕಂಪ್ಯೂಟರ್. ಅವನು ಕುರ್ಚಿ ಎಳೆದುಕೊಂಡು ಕೂತು, ಬೇಕೆಂದೇ ಸ್ವಲ್ಪ ತಡಮಾಡಿ, ಗುಂಡಿ ಒತ್ತಿದ. ಫ್ಯಾನು ಗುರುಗುಟ್ಟಿತು. ಕಪ್ಪು ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿ ನಿಂತಿತು: ಅಂಥ ಪಾಲು ಇಲ್ಲ. ಅದರ ಕೆಳಗೆ ಮಿಣುಕುವ ಗೀಟು. ಏನಾಗಿದೆಯೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಆದರೆ ಅಷ್ಟು ಬೇಗ ಗೊತ್ತಾಗುವುದರಲ್ಲಿ ಏನು ಗೌರವ? "ಇದಕ್ಕೆ ಮೊದಲು ಯಾರು ಏನು ಮಾಡಿದ್ರಿ?" ಎಂದು ಡಾಕ್ಟರರ ಹಾಗೆ ಕೇಳಿದ.

ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು. "ನಾನೇ. ಡಿಸೈನಿಗೆ ಜಾಗ ಸಾಲ್ತಾ ಇಲ್ಲ ಅಂತಿದ್ಲು. ನೋಡಿದ್ರೆ ಅದರಲ್ಲಿ ಒಂದು ದೊಡ್ಡ ಪಾಲು ಸುಮ್ನೆ ಬಿದ್ದಿತ್ತು. ಹೆಸರಿಲ್ಲ, ಒಳಗೆ ಏನಿದೆ ಅಂತ್ಲೂ ತೋರಿಸ್ಲಿಲ್ಲ. ಖಾಲಿ ಅಂದ್ಕೊಂಡು ಅಳಿಸ್ಬಿಟ್ಟೆ."

"ಖಾಲಿ ಇರ್ಲಿಲ್ಲ. ಅದು..." ಎಂದು ಶುರುಮಾಡಿ ಅವನು ನಿಲ್ಲಿಸಿದ. 'ಅದು ನಾನು' ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. "ಅದು ನನ್ನ ಸಿಸ್ಟಮ್ ಇದ್ದ ಪಾಲು," ಎಂದ. "ಹಳೇದಕ್ಕೆ ಅದರ ಒಳಗಿರೋದು ಕಾಣಲ್ಲ. ಒಂದು ಇನ್ನೊಂದನ್ನ ಗುರುತಿಸಲ್ಲ." ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಅವನಿಗೆ ಒಳಗೊಳಗೇ ಹಿತವಾಯಿತು. ಆ ಹಿತದ ಅಮಲಿನಲ್ಲಿ ಕುರ್ಚಿಯನ್ನು ಇವರ ಕಡೆ ತಿರುಗಿಸಿಕೊಂಡು ಪಾಠ ಶುರುಮಾಡಿದ. ಯಂತ್ರ ಎದ್ದ ಕೂಡಲೇ ಡಿಸ್ಕಿನ ತೀರಾ ಮೊದಲ ತುಣುಕನ್ನು ಓದುತ್ತದೆ. ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುವ ಪುಟ್ಟದೊಂದು ಬೂಟ್ ಲೋಡರ್ ಅಲ್ಲಿರುತ್ತದೆ. ತನ್ನ ಸಿಸ್ಟಮ್ ಹಾಕಿದಾಗ ಅಲ್ಲಿದ್ದ ಹಳೆಯದನ್ನು ತೆಗೆದು ತನ್ನದನ್ನು ಕೂರಿಸಿದ್ದ. ಅದರ ತಲೆ ಮಾತ್ರ ಅಲ್ಲಿ. ಉಳಿದ ಮೈಯೆಲ್ಲ ತನ್ನ ಪಾಲಿನೊಳಗೆ. ಪಾಲೇ ಹೋದ ಮೇಲೆ ತಲೆ ತನ್ನ ಮೈಯನ್ನು ಹುಡುಕುತ್ತಾ ನಿಂತಿದೆ. ಇವಳ ಡಿಸೈನುಗಳಿಗೆ ಏನೂ ಆಗಿಲ್ಲ, ಹೋಗುವ ದಾರಿ ಮಾತ್ರ ಇಲ್ಲ.

ಬಾಗಿಲಲ್ಲಿ ಬಂದು ನಿಂತಿದ್ದ ಅತ್ತೆ ಉಂಡೆ ಸುತ್ತುವುದನ್ನು ನಿಲ್ಲಿಸಿದರು. "ಅಂದ್ರೆ, ಯಂತ್ರ ಇವಳದು. ಕೆಲಸ ಇವಳದು. ಬೀಗದ ಕೈ ಮಾತ್ರ ಇಷ್ಟು ವರ್ಷ ನಿನ್ನ ಜೇಬಲ್ಲಿತ್ತು?"

"ಹಾಗಲ್ಲ ಅತ್ತೆ, ಅದು ತಾಂತ್ರಿಕವಾಗಿ..." ಎಂದ. ತಾಂತ್ರಿಕವಾಗಿ ಅದು ಹಾಗೆಯೇ ಇತ್ತು.

ಕೆಲಸ ಎರಡು ರೀತಿಯಲ್ಲಿ ಮುಗಿಸಬಹುದಿತ್ತು. ಸುಲಭದ್ದೆಂದರೆ, ಮೊದಲ ತುಣುಕಿನಲ್ಲಿ ಹಳೆಯ ಸಿಸ್ಟಮ್ಮಿನ ಲೋಡರನ್ನೇ ಮತ್ತೆ ಬರೆಯುವುದು. ಒಂದೇ ಆಜ್ಞೆ, ಒಂದು ಲೋಟ ಕಾಫಿ ಆರುವಷ್ಟರೊಳಗೆ ಮುಗಿಯುವ ಕೆಲಸ. ಇನ್ನೊಂದು, ಅಳಿಸಿಹೋದ ಪಾಲನ್ನು ಹುಡುಕಿ ತಂದು ಇದ್ದಲ್ಲೇ ಕೂರಿಸುವುದು. ಅಳಿಸಿದರೂ ಒಳಗಿನದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಯಾರ ಜಾಗ ಎಂಬ ಗುರುತು ಮಾತ್ರ ಹೋಗಿರುತ್ತದೆ. ಇವಳಿಗೆ ಬೇಕಾದದ್ದು ಮೊದಲನೆಯದು. ಅವನು ಚೀಲದಿಂದ ತೆಗೆದದ್ದು ಎರಡನೆಯದಕ್ಕೆ ಬೇಕಾದ ಸಿ.ಡಿ. "ಸ್ವಲ್ಪ ಹೊತ್ತು ಹಿಡಿಯುತ್ತೆ. ಸೂಕ್ಷ್ಮ ಕೆಲಸ," ಎಂದ, ಯಾರ ಮುಖವನ್ನೂ ನೋಡದೆ. ತನ್ನ ಪಾಲು ವಾಪಸು ಬಂದರೆ ಆ ಯಂತ್ರ ಮೊದಲಿನ ಹಾಗೇ ಅವನನ್ನು ಕೇಳಿಯೇ ಏಳುತ್ತದೆ. ಮುಂದೆ ಯಾವಾಗಲಾದರೂ ಕೆಟ್ಟರೆ ಮತ್ತೆ ಫೋನು ಬರುತ್ತದೆ. ಹೀಗೆಂದು ಅವನು ಯೋಚಿಸಲಿಲ್ಲ. ಯೋಚಿಸಿದ್ದರೆ ನಾಚಿಕೆಯಾಗುತ್ತಿತ್ತು. ಬೆರಳುಗಳೇ ಯೋಚಿಸಿ ಟೈಪು ಮಾಡುತ್ತಿದ್ದವು.

ಸಿ.ಡಿ.ಯ ಪ್ರೋಗ್ರಾಮು ಡಿಸ್ಕನ್ನು ಒಂದು ತುದಿಯಿಂದ ತಡಕತೊಡಗಿತು. ಮೇಷ್ಟ್ರು ಕಾಫಿ ತಂದಿಟ್ಟರು. ಸಕ್ಕರೆ ಎಷ್ಟೆಂದು ಕೇಳದೆಯೇ ಸರಿಯಾಗಿತ್ತು, ಅಂದರೆ ಇವಳು ಹೇಳಿಕೊಟ್ಟಿರಬೇಕು, ಅಂದರೆ ನೆನಪಿದೆ ಎಂದು ಅವನು ಆ ಲೋಟದಿಂದ ಒಂದು ಮಹಲನ್ನೇ ಕಟ್ಟುತ್ತಿದ್ದ ಹಾಗೆ ಮೇಷ್ಟ್ರು "ನಾನೂ ಇವಳೂ ಒಂದೇ ಹದದ ಸಕ್ಕರೆ ಕುಡಿಯೋದು, ನಿಮಗೂ ಹಾಗೇ ಸುರಿದೆ," ಎಂದು ಮಹಲನ್ನು ಕೆಡವಿದರು. ಅಷ್ಟರಲ್ಲಿ ತೆರೆಯ ಮೇಲೆ ಎರಡು ಸಾಲು ಮೂಡಿದವು. ಮೊದಲನೆಯದು ಇವಳ ಪಾಲು. ಎರಡನೆಯದು ಅವನದು, ಇದ್ದ ಹಾಗೇ. ಪಾಲು ಸರಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು ಒಳಗಿನ ಕಡತಗಳ ಪಟ್ಟಿ ತೋರಿಸುವ ಸೌಲಭ್ಯವಿತ್ತು. ಹಿಂದೆ ಯಾರಿದ್ದಾರೆಂದು ನೋಡದೆ ಅದನ್ನು ಒತ್ತಿದ.

ಪಟ್ಟಿ ಬಿಚ್ಚಿಕೊಂಡಿತು. ತಕ್ಕಡಿ ಎಂಬ ಹೆಸರಿನದೊಂದು. ತಕ್ಕಡಿ ಹೊಸದು. ತಕ್ಕಡಿ ಕೊನೆಯದು. ತಕ್ಕಡಿ ನಿಜವಾಗಿ ಕೊನೆಯದು. ಎದುರಿಗೆ ಗಾತ್ರವೂ ಇತ್ತು. ಎಲ್ಲವೂ ಹೆಚ್ಚೆಂದರೆ ಒಂದೊಂದು ಪುಟ, ಕೊನೆಯದಂತೂ ಸೊನ್ನೆ. ಅವುಗಳ ಕೆಳಗೆ ಇಸ್ಪೀಟು ಆಟ. ಇಸ್ಪೀಟು ಆಟದ ಅಂಕಗಳು, ತಿಂಗಳುವಾರು, ಅಚ್ಚುಕಟ್ಟಾಗಿ. ಬಾಗಿಲು ಹಾಕಿಕೊಂಡು, ತೊಂದರೆ ಕೊಡಬೇಡಿ ಎಂದು ಹೇಳಿ, ಅವನು ಈ ಕೋಣೆಯಲ್ಲಿ ಕಳೆದ ಭಾನುವಾರಗಳೆಲ್ಲ ಅಲ್ಲಿ ಸಾಲಾಗಿ ಕೈ ಕಟ್ಟಿ ನಿಂತಿದ್ದವು. ಆಗ ಇವಳು ಅಡುಗೆಮನೆಯ ಮೇಜಿನ ಮೇಲೆ ಚೌಕುಳಿ ಕಾಗದ ಹಾಸಿಕೊಂಡು ಪೆನ್ಸಿಲಿನಲ್ಲಿ ಡಿಸೈನು ಗುರುತು ಹಾಕುತ್ತಾ ಕಂಪ್ಯೂಟರ್ ಬಿಡುವಾಗಲೆಂದು ಕಾಯುತ್ತಿದ್ದಳು. ಯಾರಾದರೂ ಬಂದರೆ ಪಿಸುದನಿಯಲ್ಲಿ, "ಒಳಗೆ ಕೆಲಸ ಮಾಡ್ತಿದಾನೆ," ಎನ್ನುತ್ತಿದ್ದಳು. ಆ ಪಿಸುದನಿ ಬಾಗಿಲಿನ ಸಂದಿಯಿಂದ ಕೇಳಿಸುತ್ತಿತ್ತು. ಕೇಳಿಸಿದಾಗ ಅವನು ಕೀಲಿಗಳನ್ನು ಸ್ವಲ್ಪ ಜೋರಾಗಿ ಒತ್ತುತ್ತಿದ್ದ.

ಹಿಂದಿನಿಂದ ಒಂದು ನಗು ಬಂತು. ತಡೆದು ತಡೆದು ಸೋತ ನಗು. ತಿರುಗಿದರೆ ಅವಳು ಅವನ ಹೆಗಲ ಮೇಲಿಂದ ಬಗ್ಗಿ ತೆರೆಯನ್ನೇ ಓದುತ್ತಿದ್ದಳು.

"ಇಷ್ಟಕ್ಕೇನೋ?" ಎಂದಳು. "ಇಷ್ಟಕ್ಕೇನೋ ನಾನು ದಿನಾ ಬೆಳಿಗ್ಗೆ ಕೆಳಗಿನ ಬಾಣ ಒತ್ತುತ್ತಿದ್ದದ್ದು?"

ಅವನಿಗೆ ಅರ್ಥವಾಗಲಿಲ್ಲ. "ಯಾವ ಬಾಣ?"

"ಆನ್ ಮಾಡಿದ್ರೆ ಮೊದ್ಲು ನಿನ್ನ ಪಟ್ಟಿ ಬರ್ತಿತ್ತಲ್ಲ. ಮೇಲೆ ನಿಂದು. ಕೆಳಗೆ ನಂದು. ಎಣಿಸ್ತಾ ಇರೋದು, ಅಷ್ಟರಲ್ಲಿ ಬಾಣ ಒತ್ತಿ ಕೆಳಗೆ ಬರ್ದೇ ಇದ್ರೆ ಸೀದಾ ನಿಂದಕ್ಕೇ ಹೋಗೋದು. ಹಾಲು ಉಕ್ಕುತ್ತೆ ಅಂತ ಒಂದ್ಸಲ ಎದ್ದು ಹೋದ್ರೆ ಮುಗೀತು, ಮತ್ತೆ ಮೊದ್ಲಿಂದ. ನೀನು ಹೋದ್ಮೇಲೂ ಒತ್ತುತ್ತಲೇ ಇದ್ದೆ, ಹೇಗೆ ಬದಲಾಯಿಸೋದು ಅಂತ ಗೊತ್ತಿರ್ಲಿಲ್ಲ."

"ಹೇಳ್ಬಹುದಿತ್ತಲ್ಲ. ಒಂದು ಅಂಕಿ ಬದಲಾಯಿಸಿದ್ರೆ ಸಾಕಿತ್ತು."

"ಏನೋ ದೊಡ್ಡದು ಬರೀತಿದಾನೆ, ಮುಟ್ಟೋದು ಬೇಡ ಅಂದ್ಕೊಂಡೆ," ಎಂದಳು ಅವಳು. ಅದರಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ಎದುರು ಉತ್ತರ ಕೊಡಬಹುದಿತ್ತು. ನಗು ಮುಗಿದ ಮೇಲೆ ಅವಳು ಮತ್ತೆ ಯಂತ್ರದ ಹತ್ತಿರ ಹೋಗಿ, ಜೋತುಬಿದ್ದ ತೋಳಿನ ಕುಣಿಕೆಗಳನ್ನು ಬೆರಳಿನಿಂದ ನೋಡತೊಡಗಿದಳು. ಅವನು ಕೂತ ಕುರ್ಚಿಯಲ್ಲೇ ಸಣ್ಣಗಾಗುತ್ತಾ ಹೋದ. ದೊಡ್ಡ ಜಗಳಗಳೆಲ್ಲ ಅವನಿಗೆ ನೆನಪಿದ್ದವು. ಯಾರು ಏನೆಂದರು, ಯಾರು ಮೊದಲು ಅಂದರು ಎಂದು ವಕೀಲರಿಗಿಂತ ಚೆನ್ನಾಗಿ ಗೊತ್ತಿತ್ತು. ಎಲ್ಲದಕ್ಕೂ ಅವನ ಬಳಿ ಸಮಜಾಯಿಷಿ ಇತ್ತು. ಈ ಬಾಣಕ್ಕೆ ಇರಲಿಲ್ಲ. ಅದು ಜಗಳವೇ ಆಗಿರಲಿಲ್ಲ.

"ಉಳಿಸಿಕೊಳ್ಳಿ ಸಾರ್," ಎಂದರು ಮೇಷ್ಟ್ರು, ಮೆಲ್ಲಗೆ. ಅವರೂ ಪಟ್ಟಿ ನೋಡಿದ್ದರು. "ಶುರು ಮಾಡಿದ್ದು ಅಲ್ವಾ. ಇನ್ನೊಂದ್ಸಲ ಕೂತ್ರೆ ಮುಗಿಯುತ್ತೆ. ನನ್ನ ಹತ್ರ ಅರವತ್ತು ದಾಟಿದ ಮೇಲೆ ನೀರಿಗೆ ಇಳಿಯೋರು ಬರ್ತಾರೆ. ಇವಳಿಗೆ ಬೇರೆ ಡಿಸ್ಕ್ ತಗೊಂಡ್ರಾಯ್ತು." ಅವರು ಕುಚೋದ್ಯ ಮಾಡುತ್ತಿರಲಿಲ್ಲ. ತೇಲದವರನ್ನು ಹೊಟ್ಟೆಯ ಕೆಳಗೆ ಅಂಗೈ ಇಟ್ಟು ತೇಲಿಸುವವರ ದನಿ ಅದು. ಜೀವಮಾನದಲ್ಲಿ ಅವನಿಗಾದ ಅವಮಾನಗಳಲ್ಲಿ ಇಷ್ಟು ಮೆತ್ತನೆಯದು ಯಾವುದೂ ಇರಲಿಲ್ಲ. "ಬೇಡ," ಎಂದ ಅವನು. ಒರಟಾಗಿ ಹೇಳಬೇಕೆಂದಿದ್ದ, ಕೀರಲಾಗಿ ಬಂತು. ಪಟ್ಟಿ ಮುಚ್ಚಿದ. ಮೊದಲ ಸಾಲನ್ನು ಮಾತ್ರ ಉಳಿಸಿ, ಎರಡನೆಯದನ್ನು ಇಲ್ಲವೆಂದೇ ಬರೆದು ಹೊರಬಂದ.

ಇನ್ನು ಸುಲಭದ ಕೆಲಸ. ಚೀಲದಿಂದ ತನ್ನ ಫ್ಲಾಪಿ ತೆಗೆದು ಹಾಕಿದರೆ ಅದು ಕರಕರ ಎಂದು ಓದಲಾರೆ ಎಂದಿತು, ಬೂಷ್ಟು ಹಿಡಿದಿತ್ತು. "ಯಂತ್ರದ ಜೊತೆ ಬಂದದ್ದು ಇದೆ," ಎಂದು ಅವಳು ಸೂಜಿಗಳ ಡ್ರಾಯರಿನಿಂದ ಒಂದನ್ನು ತೆಗೆದುಕೊಟ್ಟಳು. ಅದು ಮೊದಲ ಸಲಕ್ಕೇ ಓದಿತು. ಹಳೆಯ ಲೋಡರನ್ನು ಬರೆಯುವ ಆಜ್ಞೆ ಕೊಟ್ಟ. ಏನೂ ಹೇಳದೆ ಗೀಟು ಕೆಳಗಿಳಿಯಿತು. ಆ ಕಾಲದ ಆಜ್ಞೆಗಳು ಕೆಲಸವಾಯಿತೆಂದು ಹೇಳುತ್ತಿರಲಿಲ್ಲ. ಫ್ಲಾಪಿ ತೆಗೆದು, ಸ್ವಲ್ಪ ನಾಟಕೀಯವಾಗಿಯೇ "ಈಗ ನೋಡಿ," ಎಂದು ಮತ್ತೆ ಆನ್ ಮಾಡಿದ. ಎಲ್ಲರೂ ನೋಡಿದರು. ತೆರೆಯ ಮೇಲೆ ಬಂದದ್ದು ಹೊಸದೊಂದು ಸಾಲು: ಆಪರೇಟಿಂಗ್ ಸಿಸ್ಟಮ್ ಇಲ್ಲ.

ಇವಳ ಪಾಲನ್ನೂ ಅಳಿಸಿಬಿಟ್ಟೆನೇ? ವರ್ಷಗಳ ಡಿಸೈನು, ಸೋಮವಾರದ ಸ್ವೆಟರು, ಎಲ್ಲ? "ಇದು ಹೀಗೇ ಬರೋದು," ಎಂದಿತು ಅವನ ಬಾಯಿ, ಅವನನ್ನು ಕೇಳದೆ. ಅಭ್ಯಾಸವಾದ ಬಾಯಿ. ಎರಡು ಸಲ ಆಫ್ ಮಾಡಿ ಆನ್ ಮಾಡಿದ. ಅದೇ ಸಾಲು. ಅವಳು ಯಂತ್ರದ ಮೇಲಿಂದ ಕೈ ತೆಗೆದಿದ್ದಳು. ಈ ಕುರ್ಚಿಯಲ್ಲಿ ಕೂತು, ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಿದ ಮಧ್ಯಾಹ್ನಗಳಲ್ಲಿ ಇದೂ ಒಂದಾಗಿ ಸೇರಿಹೋಗುತ್ತಿತ್ತು.

"ಇಲ್ಲ," ಎಂದ. "ಹೀಗೆ ಬರಬಾರ್ದು. ಏನಾಗಿದೆ ನಂಗೆ ಗೊತ್ತಿಲ್ಲ. ನಿನ್ನದಕ್ಕೂ ಏನಾದ್ರೂ ಮಾಡಿಬಿಟ್ನೇನೋ ಅಂತ ಭಯ ಆಗ್ತಿದೆ."

ಯಾರೂ ಕಿರುಚಲಿಲ್ಲ. "ಹಾಗಾದ್ರೆ ಆರಾಮಾಗಿ ನೋಡು," ಎಂದರು ಅತ್ತೆ. "ಅವಸರ ಮಾಡ್ಬೇಡ." ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಏನೇನು ಮಾಡಿದ್ರಿ, ಮೊದ್ಲಿಂದ ಹೇಳಿ," ಎಂದಳು. ಮತ್ತೆ 'ನೀವು'. ಅವನು ಹೇಳುತ್ತಾ ಹೋದ, ಪಾಠದ ದನಿಯಲ್ಲಲ್ಲ, ಲೆಕ್ಕ ತಪ್ಪಿದ ಹುಡುಗನ ದನಿಯಲ್ಲಿ. ಹಾಕಿದಾಗ ಪಾಲು ಮಾಡಿದ್ದು, ಎರಡರಲ್ಲಿ ತನ್ನದನ್ನು ಮುಖ್ಯ ಎಂದು ಗುರುತು ಹಾಕಿದ್ದು... ಅಲ್ಲಿ ನಿಂತ. ಹಳೆಯ ಲೋಡರ್ ಹೆಚ್ಚೇನೂ ಹುಡುಕುವುದಿಲ್ಲ. ಮುಖ್ಯ ಎಂಬ ಗುರುತಿರುವ ಪಾಲು ಯಾವುದೆಂದು ನೋಡಿ ಅಲ್ಲಿಗೆ ಹೋಗುತ್ತದೆ. ಆ ಗುರುತು ಇದ್ದದ್ದು ಅವನ ಪಾಲಿನ ಮೇಲೆ. ಅವನ ಜೊತೆಗೇ ಅದೂ ಹೋಗಿತ್ತು. ಇವಳ ಪಾಲು ಕ್ಷೇಮವಾಗಿಯೇ ಇತ್ತು, ಅದನ್ನು ಯಾರೂ ಮುಖ್ಯವೆಂದು ಕರೆದಿರಲಿಲ್ಲ ಅಷ್ಟೇ.

ಇದನ್ನು ಗಟ್ಟಿಯಾಗಿ ಅವನು ಹೇಳಿದಾಗ ಅತ್ತೆ ಮೂಗಿನಲ್ಲಿ ಸಣ್ಣ ಸದ್ದು ಮಾಡಿದರು.

ಫ್ಲಾಪಿಯಿಂದ ಎದ್ದು, ಗುರುತು ಹಾಕಿ, ಮತ್ತೆ ಆನ್ ಮಾಡಿದಾಗ ಯಾವ ಪಟ್ಟಿಯೂ ಬರಲಿಲ್ಲ, ಯಾವ ಎಣಿಕೆಯೂ ಇಲ್ಲ. ನೀಲಿ ತೆರೆ, ಆಮೇಲೆ ಹಳೆಯ ಸಿಸ್ಟಮ್ಮಿನ ಆ ಮೊದ್ದು ಸ್ವರ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಕೊಳದಲ್ಲಿ ಮೊದಲ ಸಲ ಆಚೆ ದಡ ಮುಟ್ಟಿದವರಿಗೆ ತಟ್ಟುವ ಹಾಗೆ. ಅವಳು ಡಿಸೈನುಗಳನ್ನು ಒಂದೊಂದಾಗಿ ತೆರೆದು ನೋಡಿ, ಎಲ್ಲ ಇದೆ ಎಂದು ತಲೆಯಾಡಿಸಿ, ಯಂತ್ರಕ್ಕೆ ಉಣ್ಣೆ ಪೋಣಿಸಲು ಹೋದಳು.

ಉಳಿದದ್ದು ಆ ದೊಡ್ಡ ಖಾಲಿ ಜಾಗ. ಅದನ್ನು ಇವಳ ಸಿಸ್ಟಮ್ಮಿಗೆ ಕಾಣುವ ಹಾಗೆ ಸಿದ್ಧಮಾಡಬೇಕಿತ್ತು. "ನಾನು ಮಾಡ್ಲಾ?" ಎಂದರು ಮೇಷ್ಟ್ರು, ಹೆದರಿಕೊಂಡೇ. "ಬೇಡ, ನಾನೇ ಮಾಡ್ತೀನಿ," ಎಂದ ಅವನು. ಇದರಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಲೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದ. ಶೇಕಡಾವಾರು ಅಂಕಿ ನಿಧಾನವಾಗಿ ಏರತೊಡಗಿತು. ಅತ್ತೆ ಬಿಸ್ಕತ್ತು ತಂದಿಟ್ಟರು. ತಕ್ಕಡಿ ಕೊನೆಯದು ಈಗ ಹೋಗಿರಬಹುದು, ಇಸ್ಪೀಟಿನ ಅಂಕಗಳು ಇನ್ನು ಸ್ವಲ್ಪ ಹೊತ್ತಿಗೆ ಎಂದು ಅವನು ಬಿಸ್ಕತ್ತು ಅದ್ದುತ್ತಾ ಅಂದಾಜು ಹಾಕಿದ. ದುಃಖ ಬರುತ್ತದೇನೋ ಎಂದು ಕಾದ. ಅರ್ಧ ದಾಟಿದರೂ ಬರಲಿಲ್ಲ. ಬಿಸ್ಕತ್ತು ಮಾತ್ರ ಮೆತ್ತಗಾಗಿ ಲೋಟದೊಳಗೆ ಬಿತ್ತು.

ನೂರು ಮುಟ್ಟಿದ ಮೇಲೆ ಯಂತ್ರ ಕೊನೆಯದೊಂದು ಪ್ರಶ್ನೆ ಕೇಳಿತು: ಈ ಜಾಗಕ್ಕೆ ಹೆಸರು? ಹನ್ನೊಂದು ಅಕ್ಷರದೊಳಗೆ. ಅವನಿಗೆ ಥಟ್ಟನೆ ಒಂದು ಮಾತು ಹೊಳೆಯಿತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಕನ್ನಡ ಮಾತು. ದೊಡ್ಡ ಮನಸ್ಸಿನದು, ಸ್ವಲ್ಪ ನೋವಿನದು, ಮುಂದೆಂದೋ ಇವಳು ಅದನ್ನು ನೋಡಿ ಕೈ ನಿಲ್ಲಿಸಿ ಒಂದು ಗಳಿಗೆ ಕಿಟಕಿಯಾಚೆ ನೋಡಬಹುದಾದಂಥದು. ಮೇಜಿನ ಕೆಳಗೆ ಬೆರಳು ಮಡಿಸಿ ಎಣಿಸಿದ. ಒಂದಕ್ಷರ ಹೆಚ್ಚಾಗುತ್ತಿತ್ತು. ಎಲ್ಲಿ ಕಡಿಮೆ ಮಾಡಬಹುದೆಂದು ಮತ್ತೆ ಎಣಿಸತೊಡಗಿದ.

"ಹೆಸರು ಕೇಳ್ತಿದೆ," ಎಂದರು ಮೇಷ್ಟ್ರು, ಹಿಂದೆ ತಿರುಗಿ. "ಏನು ಇಡೋಣ?"

ಅವಳು ಸೂಜಿಗಳ ಮೇಲಿಂದ ಕಣ್ಣೆತ್ತಲಿಲ್ಲ. "ಏನೂ ಬೇಡ. ಹಾಗೇ ಬಿಡಿ."

ಹೆಸರು ಬೇಡದಿದ್ದರೆ ಎಂಟರ್ ಒತ್ತಿ ಎಂದು ತೆರೆಯ ಮೇಲೂ ಬರೆದಿತ್ತು. ಅವನು ಮಡಿಸಿದ್ದ ಬೆರಳುಗಳನ್ನು ಬಿಚ್ಚಿ, ಒತ್ತಿದ.